ಕತ್ತರಿಸಿದ ಮೇಲೆ ತೆಗೆದ ಚಿತ್ರ

ಸ್ತನ ಕ್ಯಾನ್ಸರನ್ನು ಎಕ್ಸ್‌ರೇಯಲ್ಲಿ ಮೊದಲು ಕೂಲಂಕಷವಾಗಿ ನೋಡಿದವರು ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್. 1913ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕೆ ಆಧಾರವಾದದ್ದು ಸುಮಾರು 3000 ಸ್ತನಗಳು. ಅಷ್ಟೂ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದವು.

ಅಂದಿನ ಸ್ಥಿತಿ ನೋಡಿದರೆ ಇದರಲ್ಲಿ ವಿಚಿತ್ರವೇನಿಲ್ಲ. ಗಂಟು ಕೈಗೆ ಸಿಗುವಷ್ಟು ಬೆಳೆದ ಮೇಲೆಯೇ ಹೆಂಗಸರು ವೈದ್ಯರ ಬಳಿ ಬರುತ್ತಿದ್ದರು. ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳ ಗ್ರಂಥಿಗಳು, ಎಲ್ಲವನ್ನೂ ಒಟ್ಟಿಗೆ ತೆಗೆಯುವುದೇ ಚಿಕಿತ್ಸೆಯಾಗಿತ್ತು. ರೋಗ ಎಲ್ಲಿಯವರೆಗೆ ಹಬ್ಬಿರುತ್ತದೆ, ಎಷ್ಟು ಕತ್ತರಿಸಬೇಕು ಎಂಬುದು ಸಾಲೊಮನ್ನರ ಪ್ರಶ್ನೆ. ಕೆಲವು ಗಡ್ಡೆಗಳ ನಡುವೆ ಸಣ್ಣ ಸಣ್ಣ ಚುಕ್ಕೆಗಳು ಕಂಡವು, ಬರೆದಿಟ್ಟರು. ಅವು ಕ್ಯಾಲ್ಸಿಯಂ ಕಣಗಳು. ಕೈಗೆ ಗಂಟು ಸಿಗುವ ಮೊದಲೇ ಕ್ಯಾನ್ಸರಿನ ಸುಳಿವು ಕೊಡಬಲ್ಲ ಗುರುತು ಅದೇ ಎಂಬುದು ಅವರಿಗೆ ಹೊಳೆಯಲಿಲ್ಲ.

ಸಾಲೊಮನ್ ಆ ದಾರಿಯಲ್ಲಿ ಮುಂದೆ ಹೋಗಲೂ ಇಲ್ಲ. 1933ರಲ್ಲಿ ನಾಜಿಗಳು ಬಂದಾಗ ಯಹೂದಿಯಾದ ಅವರು ವಿಶ್ವವಿದ್ಯಾಲಯದಿಂದ ಹೊರಬಿದ್ದರು. 1938ರಲ್ಲಿ ಸಾಕ್ಸನ್‌ಹೌಸೆನ್ ಶಿಬಿರ, ಮರುವರ್ಷ ಹಾಲೆಂಡಿಗೆ ಪಲಾಯನ. ಮಗಳು ಶಾರ್ಲೊಟ್ ಚಿತ್ರಕಲಾವಿದೆ. 1943ರಲ್ಲಿ ಆಕೆಯನ್ನು ಆಶ್‌ವಿಟ್ಜ್‌ನಲ್ಲಿ ಕೊಂದರು. ಆಗ ಅವಳಿಗೆ 26 ವರ್ಷ. ಇಂದು ಜಗತ್ತಿಗೆ ಹೆಚ್ಚು ಗೊತ್ತಿರುವುದು ಅಪ್ಪನ ಎಕ್ಸ್‌ರೇಗಳಲ್ಲ, ಮಗಳ ವರ್ಣಚಿತ್ರಗಳು.

ಸಾಲೊಮನ್ ಬರೆದಿಟ್ಟ ಚುಕ್ಕೆಗಳಿಗೆ ಅರ್ಥ ಸಿಕ್ಕಿದ್ದು ಬಹಳ ದೂರದಲ್ಲಿ. ಉರುಗ್ವೆಯ ರೌಲ್ ಲೆಬೋರ್ನ್ 1950ರ ಆಸುಪಾಸಿನಲ್ಲಿ ಸ್ತನವನ್ನು ಒತ್ತಿ ಹಿಡಿದು ಚಿತ್ರ ತೆಗೆದರೆ ಒಳಗಿನದು ಸ್ಪಷ್ಟವಾಗುತ್ತದೆಂದು ತೋರಿಸಿದರು. ಕ್ಯಾನ್ಸರಿನ ಚುಕ್ಕೆಗಳು ಬೇರೆ ಬಗೆಯ ಚುಕ್ಕೆಗಳಿಗಿಂತ ಹೇಗೆ ಭಿನ್ನ ಎಂದೂ ವಿವರಿಸಿದರು. ಮ್ಯಾಮೊಗ್ರಾಮ್ ಮಾಡಿಸಿಕೊಂಡವರೆಲ್ಲ ದೂರುವ ಆ ಒತ್ತುವ ಪಟ್ಟಿಯ ಮೂಲ ಇಲ್ಲಿದೆ. 1960ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ರಾಬರ್ಟ್ ಈಗನ್ ಯಾರು ತೆಗೆದರೂ ಒಂದೇ ಗುಣಮಟ್ಟದ ಚಿತ್ರ ಬರುವಂಥ ಕ್ರಮ ರೂಪಿಸಿದರು. ಅಲ್ಲಿಯವರೆಗೆ ಮೂಳೆ, ಎದೆಗೂಡು ನೋಡುವ ಯಂತ್ರವನ್ನೇ ಇದಕ್ಕೂ ಬಳಸುತ್ತಿದ್ದರು. ಸ್ತನಕ್ಕೆಂದೇ ಯಂತ್ರ ಬಂದದ್ದು 1960ರ ದಶಕದ ನಡುವೆ, ಫ್ರಾನ್ಸಿನ ಶಾರ್ಲ್ ಗ್ರೋ ಅವರ ಪ್ರಯತ್ನದಿಂದ.

ಆದರೂ ಮುಖ್ಯ ಪ್ರಶ್ನೆ ಹಾಗೇ ಉಳಿದಿತ್ತು. ರೋಗ ಮೊದಲೇ ಕಂಡರೆ ಜೀವ ಉಳಿಯುತ್ತದೆಯೇ? ಇಲ್ಲ, ರೋಗಿಗೆ ತನ್ನ ಕಾಯಿಲೆ ಎರಡು ವರ್ಷ ಮುಂಚೆ ಗೊತ್ತಾಗುತ್ತದೆ, ಅಷ್ಟೆಯೇ? ಇದನ್ನು ತಿಳಿಯಲು 1963ರಲ್ಲಿ ನ್ಯೂಯಾರ್ಕಿನ ಒಂದು ಆರೋಗ್ಯ ವಿಮಾ ಯೋಜನೆಯ ಸುಮಾರು 62,000 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪನ್ನು ಪ್ರತಿ ವರ್ಷದಂತೆ ನಾಲ್ಕು ಸಲ ತಪಾಸಣೆಗೆ ಕರೆದರು. ಇದನ್ನು ನಡೆಸಿದವರಲ್ಲಿ ಒಬ್ಬರಾದ ಫಿಲಿಪ್ ಸ್ಟ್ರ್ಯಾಕ್ಸ್ ಅವರ ಹೆಂಡತಿ ಸ್ತನ ಕ್ಯಾನ್ಸರಿನಿಂದಲೇ ತೀರಿಕೊಂಡಿದ್ದರು. ಹತ್ತು ವರ್ಷಗಳ ನಂತರದ ಲೆಕ್ಕದಲ್ಲಿ, ಕರೆದ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಸಾವುಗಳು ಸುಮಾರು 30% ಕಡಿಮೆ.

ಮ್ಯಾಮೊಗ್ರಾಮಿಗೆ ಕೀರ್ತಿ ತಂದದ್ದು ಈ ಸಂಖ್ಯೆ. ಅದರ ಪಕ್ಕದಲ್ಲೇ ಇದ್ದ ಇನ್ನೊಂದು ಲೆಕ್ಕ ಅಷ್ಟು ಪ್ರಚಾರ ಪಡೆಯಲಿಲ್ಲ. ಆ ಹೆಂಗಸರಿಗೆ ಎಕ್ಸ್‌ರೇ ಜೊತೆಗೆ ವೈದ್ಯರ ಕೈ ತಪಾಸಣೆಯೂ ಆಗಿತ್ತು. ತಪಾಸಣೆಯಲ್ಲಿ ಸಿಕ್ಕ 132 ಕ್ಯಾನ್ಸರುಗಳಲ್ಲಿ ಎಕ್ಸ್‌ರೇಗೆ ಮಾತ್ರ ಕಂಡವು 44, ಕೈಗೆ ಮಾತ್ರ ಸಿಕ್ಕವು 59, ಎರಡಕ್ಕೂ ಸಿಕ್ಕವು 29. ಅಂದಿನ ಫಿಲಂ ಇಂದಿನಷ್ಟು ಚೆನ್ನಾಗಿರಲಿಲ್ಲ, ನಿಜ. ಆದರೂ ಕೈಯನ್ನು ಅಷ್ಟು ಬೇಗ ಮರೆಯಬಾರದಿತ್ತು.

ಅದನ್ನು ಮರೆಯದೆ ದೊಡ್ಡ ಪ್ರಯೋಗಕ್ಕಿಳಿದ ಒಂದು ಜಾಗ ಮುಂಬೈ. ಪಶ್ಚಿಮ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಸ್ತನ ಕ್ಯಾನ್ಸರ್ ಕಿರಿಯ ವಯಸ್ಸಿನಲ್ಲೇ ಹೆಚ್ಚು ಕಾಣಿಸುತ್ತದೆ. ಕಿರಿಯರ ಸ್ತನದ ಅಂಗಾಂಶ ದಟ್ಟ. ಎಕ್ಸ್‌ರೇಯಲ್ಲಿ ಅದೂ ಬಿಳಿ, ಗಡ್ಡೆಯೂ ಬಿಳಿ. ಜೊತೆಗೆ ಯಂತ್ರದ ಖರ್ಚು, ಚಿತ್ರ ಓದುವ ತಜ್ಞರ ಕೊರತೆ. ಹಾಗಾಗಿ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಮ್ಯಾಮೊಗ್ರಾಮ್ ತಪಾಸಣೆ ಇರಲಿಲ್ಲ. ನಗರದ ಕೊಳೆಗೇರಿಗಳ 35ರಿಂದ 64 ವರ್ಷದ ಒಂದೂವರೆ ಲಕ್ಷ ಹೆಂಗಸರು ಅದರಲ್ಲಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷೆ ಮಾಡಿದರು. ಅನುಮಾನ ಬಂದವರನ್ನು ಆಸ್ಪತ್ರೆಗೆ ಕಳಿಸಿದರು.

ಇಪ್ಪತ್ತು ವರ್ಷಗಳ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮೂರು, ನಾಲ್ಕನೆಯ ಹಂತದಲ್ಲಿ ಪತ್ತೆಯಾದ ಕ್ಯಾನ್ಸರುಗಳ ಪ್ರಮಾಣ ಪರೀಕ್ಷೆಯಿಲ್ಲದ ಗುಂಪಿನಲ್ಲಿ 47%, ಪರೀಕ್ಷೆ ನಡೆದ ಗುಂಪಿನಲ್ಲಿ 37%. ಸಾವು ಒಟ್ಟಾರೆ 15% ಇಳಿದಿತ್ತು, ಆದರೆ ಅದು ಆಕಸ್ಮಿಕವಲ್ಲ ಎನ್ನಲು ಸಂಖ್ಯಾಶಾಸ್ತ್ರದ ಪ್ರಕಾರ ಸಾಲದು. 50 ದಾಟಿದವರಲ್ಲಿ ಮಾತ್ರ ಇಳಿಕೆ ಖಚಿತ, ಹತ್ತಿರ ಹತ್ತಿರ 30%. ನ್ಯೂಯಾರ್ಕಿನಲ್ಲಿ ಎಕ್ಸ್‌ರೇ ಮತ್ತು ಕೈ ಸೇರಿ ತಲುಪಿದ್ದೂ ಹೆಚ್ಚುಕಡಿಮೆ ಅಷ್ಟೇ. 50ರೊಳಗಿನವರ ವಿಷಯದಲ್ಲಿ ಮುಂಬೈಯ ಅಧ್ಯಯನಕ್ಕೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.