ದಿನಕ್ಕ ನಾಕು ಗುಳಿಗಿ

ಕಾಕಾನ ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೆ ಇಳದಾಗಿಂದ ಗುಳಿಗಿ ಎಣಿಸಿ ಕೊಡೋದು ಕಾಕೂನ ಕೆಲಸ ಆಗೇದ. ಎನ್ಜಾಲುಟಮೈಡ್ ಅಂತ ಹೆಸರು, 40 ಮಿಲಿಗ್ರಾಮಿನವು ದಿನಕ್ಕ ನಾಕು. "ಇದು ಒಳಗ ಏನ್ ಮಾಡ್ತದ ಅಂತ ಮನ್ಯಾಗಿನ ಗಂಡಸರು ಯಾರೂ ಬಾಯಿ ಬಿಡಂಗಿಲ್ಲ. ನೀನರ ಓದಿ ಹೇಳವಾ" ಅಂದ್ರು. ಓದಕೋತ ಹೋದ್ರ ಗುಳಿಗಿ ಕತಿ ಎಂಬತ್ತು ವರ್ಷ ಹಿಂದಕ್ಕ ಹೋತು.

1941ರಾಗ ಶಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಅನ್ನೋ ಡಾಕ್ಟರು, ಈ ಕ್ಯಾನ್ಸರ್ ಗಂಡಸಿನ ಹಾರ್ಮೋನ್ ಉಂಡು ಬೆಳೀತದ ಅಂತ ತೋರಿಸಿದ್ರು. ವೃಷಣ ತಗದ್ರ, ಇಲ್ಲಾ ಹೆಣ್ಣಿನ ಹಾರ್ಮೋನ್ ಕೊಟ್ರ, ಅದು ಕುಗ್ಗತದ. ಹಗಿನ್ಸ್‌ಗೆ 1966ರಾಗ ನೊಬೆಲ್ ಬಂತು. ಆದ್ರ ಹೆಣ್ಣಿನ ಹಾರ್ಮೋನಿನಿಂದ ಎದಿ ಬಾಯೋದು, ರಕ್ತ ಹೆಪ್ಪುಗಟ್ಟೋದು, ಹೃದಯಕ್ಕ ತ್ರಾಸ. 1980ರ ದಶಕದಾಗ ಆಪರೇಷನ್ ಬದಲಿ ಇಂಜೆಕ್ಷನ್ ಬಂದ್ವು. ಕಾಕಾಗ ಈಗೂ ಅದು ನಡದೇ ಅದ.

ಹಾರ್ಮೋನ್ ಅಂದ್ರ ಕೀಲಿಕೈ ಅಂತ ತಿಳಕೋರಿ. ಕ್ಯಾನ್ಸರ್ ಜೀವಕೋಶದೊಳಗಿನ ರಿಸೆಪ್ಟರ್ ಅಂದ್ರ ಕೀಲಿ. ಇಂಜೆಕ್ಷನ್ ಕೊಟ್ರೂ ಕಿಡ್ನಿ ಮ್ಯಾಲಿನ ಅಡ್ರಿನಲ್ ಗ್ರಂಥಿಯಿಂದ ಒಂದಿಷ್ಟು ಹಾರ್ಮೋನ್ ಬರತಿರ್ತದ. ಕೀಲಿಕೈ ಎಷ್ಟಂತ ಕಸಗೊಳ್ಳೋದು, ಕೀಲಿ ತೂತೇ ಮುಚ್ಚೂಣು ಅಂತ ಮಾಡಿದ ಔಷಧಗೋಳು ಫ್ಲುಟಮೈಡ್, ಬೈಕಲುಟಮೈಡ್. ಅಮೆರಿಕಾದಾಗ ಒಂದಕ್ಕ 1989ರಾಗ, ಇನ್ನೊಂದಕ್ಕ 1995ರಾಗ ಒಪ್ಪಿಗಿ ಸಿಕ್ತು. ಒಂದಿಷ್ಟು ದಿನ ತಡದು ಅವೂ ಸೋತ್ವು.

ಯಾಕ ಸೋತ್ವು ಅನ್ನೋದ ನನಗ ಭಾಳ ಹಿಡಿಸಿದ್ದು. ಫ್ಲುಟಮೈಡ್ ಬಿಡಿಸಿದ ಮ್ಯಾಲೆ ಕೆಲವರ ರೋಗ ಉಲ್ಟಾ ಇಳದದ್ದನ್ನ ಡಾಕ್ಟರು 1990ರ ದಶಕದಾಗ ನೋಡಿದ್ರು. 2004ರಾಗ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಸಾಯರ್ಸ್ ತಂಡ ಗುಟ್ಟು ಬಿಡಿಸ್ತು. ಕ್ಯಾನ್ಸರ್ ಜೀವಕೋಶ ರಿಸೆಪ್ಟರ್‌ಗಳನ್ನ ಹೆಚ್ಚು ಮಾಡಿಕೊಂಡು ಕೂತಿರ್ತದ. ಆವಾಗ ಚಿಟಿಕಿ ಹಾರ್ಮೋನೂ ಸಾಕಾಗ್ತದ, ಹಳೀ ಔಷಧ ತಾನ ಕೀಲಿಕೈ ಆಗಿ ತಿರಗತದ. ಕಾವಲಿಗೆ ಇಟ್ಟವನ ಕಳ್ಳಗ ಬಾಗಲಾ ತಗದಂಗ!

ಅದೇ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಮೈಕೆಲ್ ಜಂಗ್ ಜೋಡಿ ಸೇರಿ, ಅಣು ತಿದ್ದಿ ತಿದ್ದಿ ಮಾಡಿದ್ದು ಕಾಕಾನ ಈ ಗುಳಿಗಿ. ಇದು ರಿಸೆಪ್ಟರಿಗೆ ಇನ್ನೂ ಗಟ್ಟಿ ಅಂಟಿಕೋತದ, ಅದನ್ನ ಜೀವಕೋಶದ ನಡುವಿನ ಕೇಂದ್ರಕ್ಕ ಹೋಗಗೊಡಂಗಿಲ್ಲ. ಕೀಮೋ ಮುಗಿಸಿದ 1199 ಗಂಡಸರ ಮ್ಯಾಲಿನ ಪರೀಕ್ಷೆಯೊಳಗ, ಖಾಲಿ ಗುಳಿಗಿ ತಗೊಂಡವರ ನಡುವಿನ ಆಯುಷ್ಯ 13.6 ತಿಂಗಳು, ಇದನ್ನ ತಗೊಂಡವರದು 18.4. 2012ರಾಗ ಅಮೆರಿಕಾ ಒಪ್ಪಿಗಿ ಕೊಡ್ತು. ಬರೇ ಐದು ತಿಂಗಳಾ ಅಂತ ನನಗ ಮೊದಲ ಸಿಟ್ಟು ಬಂತು. ಕಾಕು ಸಿಟ್ಟಾಗಲಿಲ್ಲ. "ಐದು ತಿಂಗಳದಾಗ ಒಂದು ದೀಪಾವಳಿ ಬರಬಹುದಲ್ಲ" ಅಂದ್ರು.

ಇನ್ನ ರೊಕ್ಕದ ಮಾತು. ನಮ್ಮ ದೇಶದ ಪೇಟೆಂಟ್ ಕಚೇರಿ 2016ರಾಗ ಆ ವಿಶ್ವವಿದ್ಯಾಲಯದ ಅರ್ಜಿ ತಳ್ಳಿಹಾಕ್ತು, ಆಮ್ಯಾಲೆ ಅದು ಕೋರ್ಟಿಗೂ ಹೋತು. ಇಲ್ಲಿನ ಕಂಪನಿಗೋಳು ಕಡಿಮಿ ರೇಟಿಗೆ ಮಾಡಲಿಕ್ಕತ್ತಿದ್ದಕ್ಕ ನಮ್ಮಂಥವರ ಮನಿಗೂ ಈ ಡಬ್ಬಿ ಬಂದದ.

ಈ ಔಷಧಕ್ಕ ಸುಸ್ತು ಭಾಳ, ಜಾರಿ ಬೀಳೋದೂ ಇರ್ತದ. ಅದಕ್ಕ ಕಾಕು ಬಚ್ಚಲಾ ಒಣಾ ಇಡ್ತಾರ. ಮತ್ತ ಸೆಖಿ! ಹಾರ್ಮೋನ್ ಕಟ್ಟಿದ್ರ ನಮಗ ಮುಟ್ಟು ನಿಲ್ಲೋ ಕಾಲಕ್ಕ ಬರೋ ಅದೇ ಉರಿ, ಅದೇ ಬೆವರು. ಮೊನ್ನೆ ಥಂಡಿಯೊಳಗ ನಡುರಾತ್ರಿ ಎದ್ದು ಕಾಕಾ ಫ್ಯಾನ್ ಹಚ್ಚಿದ್ರಂತ. ಕಾಕು ಎರಡು ಚಾದರ ಹೊತಗೊಂಡು ಮಲ್ಕೊಂಡವ್ರು, "ಈಗ ತಿಳೀತೇನ್ರಿ, ಅವಾಗ ನಾ ಯಾಕ ಕಿಡಕಿ ತಗೀತಿದ್ದೆ ಅಂತ?" ಅಂದ್ರಂತ.