ಮನೆಯ ಮೂಲೆಯ ಪೆಟ್ಟಿಗೆ: ಅದರ ಚರಿತ್ರೆ, ಆಯುಷ್ಯ, ಆರೈಕೆ



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದಾಗ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ನಾಲ್ಕು ಹಿತವಚನಗಳು ಬರಬಹುದೆಂದು ತಾವು ನಿರೀಕ್ಷಿಸುವುದು ಸಹಜ. ಆದರೆ ಇಂದು ನಾನು ಆರಿಸಿಕೊಂಡಿರುವ ವಿಷಯ ಬೇರೆ. ಈ ದೇಶದಲ್ಲಿ ಮೀಟರ್‌ಕಾಸ್ಟ್ ಎಂದು ಕರೆಯುವ ಬೀರುವಿನೊಳಗೋ, ಟೆಲಿವಿಷನ್ನಿನ ಹಿಂದೆಯೋ ಸಣ್ಣ ದೀಪ ಮಿನುಗಿಸುತ್ತ ಕುಳಿತಿರುವ ರೂಟರ್ ಮತ್ತು ಅದರ ಪಕ್ಕದಲ್ಲಿರುವ ಬ್ಯಾಕಪ್ ಪೆಟ್ಟಿಗೆ, ಇವೆರಡರ ಚರಿತ್ರೆಯನ್ನು ಹಾಗೂ ಅವುಗಳಿಗೆ ತಯಾರಕರ ಬೆಂಬಲ ನಿಂತುಹೋದಾಗ ಆಗುವುದನ್ನು ತಮ್ಮ ಮುಂದಿಡಲು ಇಚ್ಛಿಸುತ್ತೇನೆ.

ಇದು ಯಂತ್ರಗಳ ವಿಷಯವಾಯಿತು, ಇದರಲ್ಲಿ ಕನ್ನಡಕ್ಕೇನು ಸಂಬಂಧವೆಂದು ತಾವು ಕೇಳಬಹುದು. ನಾಡನ್ನು ಬಿಟ್ಟು ಬಂದ ಕುಟುಂಬಗಳಿಗೆ ಸಂಬಂಧ ಬಹಳವಿದೆ. ಹಳ್ಳಿಯ ಮನೆಯ ಗೃಹಪ್ರವೇಶ, ಮಕ್ಕಳ ನಾಮಕರಣ, ಅಜ್ಜಿ ಹೇಳಿದ ಸೋಬಾನೆ ಪದ, ತೀರಿಕೊಂಡ ತಂದೆಯ ಧ್ವನಿ ಇವೆಲ್ಲ ಇಂದು ಆಲ್ಬಂಗಳಲ್ಲಿಲ್ಲ, ಈ ಪೆಟ್ಟಿಗೆಗಳಲ್ಲಿವೆ. ಶಾಲೆಯಲ್ಲಿ ಡಚ್ ಕಲಿತು ಬೆಳೆಯುವ ನಮ್ಮ ಮಕ್ಕಳಿಗೆ ಧಾರವಾಡದ ಅಥವಾ ಕುಂದಾಪುರದ ಅಜ್ಜಿಯ ಮಾತಿನ ಧಾಟಿ ಕೇಳಿಸಬೇಕಾದರೆ ಮುಂದೊಂದು ದಿನ ಉಳಿಯುವ ಆಧಾರ ಬಹುಶಃ ಇದೊಂದೇ.

ಮೊದಲಿಗೆ ಚರಿತ್ರೆ. ಮನೆಮನೆಯ ನಿಸ್ತಂತು ಜಾಲ, ಅಂದರೆ ವೈಫೈ, ಹುಟ್ಟಿದ ಸ್ಥಳಗಳಲ್ಲಿ ಮುಖ್ಯವಾದುದು ಉಟ್ರೆಕ್ಟ್ ನಗರದ ಪಕ್ಕದ ನ್ಯೂವೆಗೈನ್ ಎಂಬ ಊರು. ಎನ್.ಸಿ.ಆರ್. ಎಂಬ ಅಮೆರಿಕದ ಸಂಸ್ಥೆಯ ಎಂಜಿನಿಯರಿಂಗ್ ಕೇಂದ್ರ ಅಲ್ಲಿತ್ತು. ಅಂಗಡಿಗಳ ನಗದು ಯಂತ್ರಗಳನ್ನು ತಂತಿಯಿಲ್ಲದೆ ಜೋಡಿಸುವುದು ಅದರ ಉದ್ದೇಶವಾಗಿತ್ತು. ಅಂಗಡಿಯ ವಿನ್ಯಾಸ ಬದಲಾದಾಗಲೆಲ್ಲ ನೆಲ ಅಗೆದು ತಂತಿ ಎಳೆಯುವುದು ತಪ್ಪುತ್ತಿತ್ತು. ಅಲ್ಲಿ ರೂಪುಗೊಂಡ ವೇವ್‌ಲ್ಯಾನ್ ಎಂಬ ಉಪಕರಣವೇ ಇಂದಿನ ವೈಫೈನ ಪೂರ್ವಜ. ಅದೇ ಕೇಂದ್ರದ ವಿಕ್ ಹೇಯ್ಸ್ ಅವರು 1990ರಿಂದ 2000ದವರೆಗೆ ಐ.ಇ.ಇ.ಇ. 802.11 ಮಾನದಂಡ ಸಮಿತಿಯ ಅಧ್ಯಕ್ಷರಾಗಿದ್ದರು. ಮೊದಲ ಮಾನದಂಡ 1997ರಲ್ಲಿ ಹೊರಬಂದಿತು. ಅದರ ವೇಗ ಸೆಕೆಂಡಿಗೆ ಕೇವಲ 2 ಮೆಗಾಬಿಟ್.

ಸಂಸ್ಥೆಯ ಒಡೆತನ ಎನ್.ಸಿ.ಆರ್.ನಿಂದ ಎ.ಟಿ. ಅಂಡ್ ಟಿ.ಗೆ, ಅಲ್ಲಿಂದ ಲೂಸೆಂಟ್‌ಗೆ, ಅನಂತರ ಏಜಿಯರ್‌ಗೆ ಕೈ ಬದಲಾಯಿಸುತ್ತ ಹೋಯಿತು. ಲೂಸೆಂಟ್‌ನ ಕಾಲದಲ್ಲಿ, 1999ರ ಜುಲೈ ತಿಂಗಳಲ್ಲಿ, ಆಪಲ್ ಸಂಸ್ಥೆಯು ಏರ್‌ಪೋರ್ಟ್ ಎಂಬ ಹೆಸರಿನಲ್ಲಿ ನಿಸ್ತಂತು ಜಾಲವನ್ನು ಸಾಮಾನ್ಯರ ಮನೆಗೆ ತಂದಿತು. ಆ ಪೆಟ್ಟಿಗೆಯ ಒಳಗಿದ್ದದ್ದು ನ್ಯೂವೆಗೈನ್‌ನ ವಿದ್ಯೆಯೇ. ಆದರೆ 2004ರಲ್ಲಿ ಏಜಿಯರ್ ವೈಫೈ ಉದ್ಯಮದಿಂದ ಹಿಂದೆ ಸರಿಯಿತು. ಹೆತ್ತ ಮನೆಯ ಬಾಗಿಲು ಮುಚ್ಚಿದರೂ ಕೂಸು ಲೋಕವನ್ನೆಲ್ಲ ಸುತ್ತಿತು.

ಏರ್‌ಪೋರ್ಟ್‌ನ ವಂಶದಲ್ಲಿ ಹುಟ್ಟಿದ ಟೈಮ್ ಕ್ಯಾಪ್ಸೂಲ್ ಎಂಬ ಪೆಟ್ಟಿಗೆ 2008ರಲ್ಲಿ ಮಾರುಕಟ್ಟೆಗೆ ಬಂದಿತು. ರೂಟರ್ ಮತ್ತು ಹಾರ್ಡ್ ಡಿಸ್ಕ್ ಎರಡೂ ಒಂದೇ ಡಬ್ಬಿಯಲ್ಲಿ. ಮನೆಯ ಕಂಪ್ಯೂಟರಿನ ಪ್ರತಿ ತಾನಾಗಿಯೇ ಅದರೊಳಗೆ ಸೇರುತ್ತಿತ್ತು. 2013ರಲ್ಲಿ ಅದರ ಕೊನೆಯ ಮಾದರಿ, 2018ರ ಏಪ್ರಿಲ್‌ನಲ್ಲಿ ಉತ್ಪಾದನೆಗೇ ಮಂಗಳ. ಆ ಪೆಟ್ಟಿಗೆಯೊಡನೆ ಕಂಪ್ಯೂಟರ್ ಮಾತನಾಡಲು ಬಳಸುವ ಎ.ಎಫ್.ಪಿ. ಎಂಬ ಹಳೆಯ ಸಂವಹನ ಪದ್ಧತಿಯನ್ನು ಮುಂದಿನ ತಂತ್ರಾಂಶಗಳಿಂದ ತೆಗೆದುಹಾಕುವುದಾಗಿ ಆಪಲ್ 2025ರಲ್ಲಿ ತಿಳಿಸಿತು. ಪೆಟ್ಟಿಗೆ ಕೆಟ್ಟಿಲ್ಲ, ಡಿಸ್ಕ್ ತಿರುಗುತ್ತಿದೆ, ಒಳಗಿನ ಭಾವಚಿತ್ರಗಳೂ ಹಾಗೆಯೇ ಇವೆ. ಆದರೆ ಅದರ ಭಾಷೆ ಬಲ್ಲವರು ಇನ್ನು ಮುಂದೆ ಇರುವುದಿಲ್ಲ.

ಬೆಂಬಲ ನಿಲ್ಲುವುದೆಂದರೆ ಏನು? ಈ ಪೆಟ್ಟಿಗೆಗಳೂ ಪುಟ್ಟ ಕಂಪ್ಯೂಟರ್‌ಗಳೇ. ಅವುಗಳನ್ನು ನಡೆಸುವ ತಂತ್ರಾಂಶದಲ್ಲಿ ದೋಷಗಳು ವರ್ಷಗಳ ನಂತರವೂ ಪತ್ತೆಯಾಗುತ್ತವೆ. 1999ರ ವೈಫೈಗೆ ಇದ್ದ ವೆಪ್ ಎಂಬ ಬೀಗವನ್ನು ಮುರಿಯುವ ಬಗೆಯನ್ನು ವಿದ್ವಾಂಸರು 2001ರಲ್ಲಿಯೇ ತೋರಿಸಿಕೊಟ್ಟರು. ಹೊಸ ಬೀಗ 2003ರಲ್ಲಿ ಬಂದಿತಾದರೂ ಹಳೆಯ ಪೆಟ್ಟಿಗೆಗಳೆಲ್ಲವೂ ಅದನ್ನು ಧರಿಸಲು ಸಮರ್ಥವಾಗಿರಲಿಲ್ಲ. ತಯಾರಕರು ದುರಸ್ತಿ ಕಳುಹಿಸುತ್ತಿರುವವರೆಗೆ ದೋಷಕ್ಕೆ ಮದ್ದುಂಟು. ಅವರು ನಿಲ್ಲಿಸಿದ ದಿನದಿಂದ ಹೊಸದಾಗಿ ಪತ್ತೆಯಾಗುವ ಪ್ರತಿಯೊಂದು ದೋಷವೂ ಶಾಶ್ವತ. ದೀಪ ಮಾತ್ರ ಮೊದಲಿನಂತೆಯೇ ಹಸಿರಾಗಿ ಉರಿಯುತ್ತಿರುತ್ತದೆ. ನನ್ನ ವೃತ್ತಿಯಲ್ಲಿ ಇಂತಹವನ್ನು ಲಕ್ಷಣವಿಲ್ಲದ ರೋಗವೆನ್ನುತ್ತೇವೆ.

ಹೊಸ ಕಂಪ್ಯೂಟರ್‌ಗಳು ಹಳೆಯ ಪದ್ಧತಿಗಳನ್ನು ಕೈಬಿಡುವುದು ಕೇವಲ ವ್ಯಾಪಾರದ ಹುನ್ನಾರವೆಂದು ಹೇಳುವುದು ಪೂರ್ಣ ನ್ಯಾಯವಾಗದು. 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಎಂಬ ಕಂಪ್ಯೂಟರ್ ಪಿಡುಗು ಹರಡಿದ್ದು ಎಸ್.ಎಂ.ಬಿ. ಎಂಬ ಕಡತ ಹಂಚಿಕೆಯ ಪದ್ಧತಿಯ ಮೊದಲ ಆವೃತ್ತಿಯ ಮೂಲಕ. ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ಅಂದು ರೋಗಿಗಳನ್ನು ವಾಪಸು ಕಳುಹಿಸಬೇಕಾಯಿತು. ನೆದರ್ಲೆಂಡ್ಸ್‌ನಲ್ಲಿ ವಾಹನ ನಿಲುಗಡೆಯ ಕ್ಯೂ-ಪಾರ್ಕ್ ಸಂಸ್ಥೆಗೂ ಪೆಟ್ಟು ಬಿದ್ದಿತು. ಆ ವರ್ಷದ ಕೊನೆಯ ಹೊತ್ತಿಗೆ ಮೈಕ್ರೋಸಾಫ್ಟ್ ಹೊಸ ವಿಂಡೋಸ್‌ಗಳಲ್ಲಿ ಆ ಆವೃತ್ತಿಯನ್ನು ತಾನಾಗಿಯೇ ಅಳವಡಿಸುವುದನ್ನು ಬಿಟ್ಟಿತು. ಅದನ್ನೇ ನಂಬಿದ್ದ ಹಳೆಯ ಬ್ಯಾಕಪ್ ಪೆಟ್ಟಿಗೆಗಳು ಹೊಸ ಕಂಪ್ಯೂಟರಿನ ಕಣ್ಣಿಗೆ ಬೀಳದಾದವು. ರಕ್ಷಣೆಯ ಕ್ರಮವೊಂದು ನೆನಪಿನ ಬಾಗಿಲನ್ನೂ ಮುಚ್ಚಿತು.

ಬೆಂಬಲವಿಲ್ಲದ ಪೆಟ್ಟಿಗೆಯನ್ನು ಸುಮ್ಮನೆ ಇಟ್ಟುಕೊಂಡರೆ ಏನಾಗಬಹುದೆಂಬುದಕ್ಕೆ 2021ರ ಜೂನ್ ತಿಂಗಳು ಸಾಕ್ಷಿ. ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ಮೈ ಬುಕ್ ಲೈವ್ ಎಂಬ ಉಪಕರಣಕ್ಕೆ ಕೊನೆಯ ದುರಸ್ತಿ ಬಂದದ್ದು 2015ರಲ್ಲಿ. ಆರು ವರ್ಷಗಳ ನಂತರ ದೂರದಲ್ಲೆಲ್ಲೋ ಕುಳಿತವರು ಅಂತರಜಾಲದ ಮೂಲಕ ಒಳಹೊಕ್ಕು, ಪೆಟ್ಟಿಗೆಗಳನ್ನು ಕಾರ್ಖಾನೆಯಿಂದ ಹೊರಬಂದ ಸ್ಥಿತಿಗೆ ತಂದುಬಿಟ್ಟರು. ಜಗತ್ತಿನ ನಾನಾ ಕಡೆ ಜನ ಬೆಳಿಗ್ಗೆ ಎದ್ದು ನೋಡಿದಾಗ ವರ್ಷಾನುಗಟ್ಟಲೆಯ ಸಂಗ್ರಹ ಅಳಿಸಿಹೋಗಿತ್ತು. ಕೂಡಲೇ ಅಂತರಜಾಲದಿಂದ ಬಿಡಿಸಿಡಿ ಎಂಬುದೇ ಆ ದಿನ ಸಂಸ್ಥೆ ಕೊಟ್ಟ ಸಲಹೆ.

ನಷ್ಟ ನಮ್ಮದಾದರೆ ನಮ್ಮ ಕರ್ಮವೆಂದು ಸುಮ್ಮನಾಗಬಹುದು. ಆದರೆ ಹಳೆಯ ರೂಟರ್ ಪರರಿಗೂ ಕೇಡು ತರುತ್ತದೆ. 2025ರ ಮೇ ತಿಂಗಳಿನಲ್ಲಿ ಅಮೆರಿಕದ ತನಿಖಾಧಿಕಾರಿಗಳು, ನೆದರ್ಲೆಂಡ್ಸ್‌ನ ಪೊಲೀಸ್ ಮತ್ತು ಸರಕಾರಿ ಅಭಿಯೋಜಕರ ನೆರವಿನಿಂದ, ಎನಿಪ್ರಾಕ್ಸಿ ಮತ್ತು 5ಸಾಕ್ಸ್ ಎಂಬ ಎರಡು ಸೇವೆಗಳನ್ನು ಮುಚ್ಚಿಸಿದರು. ಹಳೆಯ ಮಾದರಿಯ ರೂಟರ್‌ಗಳಿಗೆ ಸೋಂಕು ತಗುಲಿಸಿ, ಅವುಗಳ ವಿಳಾಸವನ್ನು ಮುಖವಾಡವಾಗಿ ಬಾಡಿಗೆಗೆ ಕೊಡುವುದೇ ಆ ಸೇವೆಗಳ ವ್ಯಾಪಾರ. ಮನೆಯ ಯಜಮಾನನಿಗೆ ಸುದ್ದಿಯೇ ಇಲ್ಲ. ವಂಚನೆ ಮಾತ್ರ ಅವನ ಮನೆಯ ಬಾಗಿಲಿನಿಂದ ಹೊರಟಂತೆ ಕಾಣುತ್ತದೆ. ಆರೋಗ್ಯವಂತನಂತೆ ಕಾಣುತ್ತ ಟೈಫಾಯ್ಡ್ ಹರಡುವ ಅಡುಗೆಯವನ ಸ್ಥಿತಿ ಇದು.

ನಾವು ನೆಲೆಸಿರುವ ನೆಲಕ್ಕೆ ಈ ತತ್ತ್ವ ಹೊಸದಲ್ಲ. ಕೆಲವು ಭಾಗಗಳು ಸಮುದ್ರಮಟ್ಟಕ್ಕಿಂತ ತಗ್ಗಾಗಿರುವ ಈ ದೇಶದಲ್ಲಿ ನೀರಿನ ಮಂಡಳಿಗಳು 13ನೆಯ ಶತಮಾನದಿಂದಲೂ ಇವೆ. ಮಧ್ಯಯುಗದಲ್ಲಿ ಕಟ್ಟೆಯ ಒಂದೊಂದು ತುಂಡನ್ನು ಒಬ್ಬೊಬ್ಬ ರೈತ ಕಾಯ್ದುಕೊಳ್ಳಬೇಕಾಗಿತ್ತು. ಕಟ್ಟೆ ಕಟ್ಟಲೊಲ್ಲದವನು ಜಾಗ ಬಿಡಬೇಕು ಎಂಬ ಗಾದೆ ಇಲ್ಲಿ ಇಂದಿಗೂ ಜೀವಂತ. ಒಬ್ಬನ ತುಂಡು ಸಡಿಲಾದರೆ ಮುಳುಗುವುದು ಇಡೀ ಊರು. ನಮ್ಮ ಊರುಗಳ ಕೆರೆ ಏರಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಹೊಣೆ ಯಾರದು? ಕೊಂಡವನದೋ, ಮಾರಿದವನದೋ? ಇಲ್ಲಿನ ಗ್ರಾಹಕರ ಸಂಘವಾದ ಕನ್ಸ್ಯೂಮೆಂಟೆನ್‌ಬಾಂಡ್ 2016ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ಮೇಲೆ, ಮೊಬೈಲ್ ಫೋನ್‌ಗಳಿಗೆ ತಕ್ಕಷ್ಟು ಕಾಲ ದುರಸ್ತಿ ಕೊಡುತ್ತಿಲ್ಲವೆಂದು ನ್ಯಾಯಾಲಯಕ್ಕೆ ಹೋಯಿತು. 2018ರಲ್ಲಿ ದಿ ಹೇಗ್ ನ್ಯಾಯಾಲಯ ಆ ಬೇಡಿಕೆಯನ್ನು ಒಪ್ಪಲಿಲ್ಲ. ಆದರೆ ಕಾನೂನು ಮುಂದೆ ನಡೆಯಿತು. ಯುರೋಪಿನ ನಿರ್ದೇಶನವನ್ನು ಅನುಸರಿಸಿ 2022ರ ಏಪ್ರಿಲ್ 27ರಿಂದ, ಗ್ರಾಹಕನು ನ್ಯಾಯವಾಗಿ ನಿರೀಕ್ಷಿಸಬಹುದಾದಷ್ಟು ಕಾಲ ತಂತ್ರಾಂಶದ ದುರಸ್ತಿ ಒದಗಿಸುವ ಹೊಣೆ ಇಲ್ಲಿ ಮಾರಾಟಗಾರನ ಮೇಲಿದೆ. 2024ರ ಯುರೋಪಿನ ಸೈಬರ್ ಸುರಕ್ಷತಾ ಶಾಸನದ ಮುಖ್ಯ ವಿಧಿಗಳು 2027ರ ಡಿಸೆಂಬರ್‌ನಲ್ಲಿ ಅನ್ವಯಿಸಿದ ಮೇಲೆ ಸಾಮಾನ್ಯವಾಗಿ ಐದು ವರ್ಷಗಳಿಗೆ ಕಡಿಮೆಯಿಲ್ಲದ ಬೆಂಬಲ ತಯಾರಕರ ಕರ್ತವ್ಯವಾಗುತ್ತದೆ. ಇನ್ನೊಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. 2022ರಿಂದ ಇಲ್ಲಿ ನಮಗೆ ಬೇಕಾದ ಮೋಡೆಮ್ಮನ್ನು ನಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಸೇವಾ ಸಂಸ್ಥೆಯ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಆ ಸಂಸ್ಥೆಯೇ ನೋಡಿಕೊಳ್ಳುತ್ತದೆ. ಸ್ವಂತದ್ದನ್ನು ತಂದರೆ ಆರೈಕೆಯೂ ಸ್ವಂತದ್ದೇ.

ಐದು ವರ್ಷ ಉಪಕರಣಕ್ಕೆ ದೊಡ್ಡ ಅವಧಿ ಇರಬಹುದು. ಕುಟುಂಬದ ನೆನಪಿಗೆ ಅದು ಏನೂ ಅಲ್ಲ. ಇಲ್ಲಿ ಆಮ್‌ಸ್ಟರ್‌ಡಾಮಿನ ಒಂದು ನಿದರ್ಶನ ಹೇಳುತ್ತೇನೆ. 1994ರ ಜನವರಿಯಲ್ಲಿ ಡಿಜಿಟಲ್ ನಗರ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗಾಗಿ ಕಂಪ್ಯೂಟರ್ ಜಾಲವೊಂದು ಅಲ್ಲಿ ಆರಂಭವಾಯಿತು. ಸಾವಿರಾರು ಜನ ಮೊತ್ತಮೊದಲು ಅಂತರಜಾಲ ಕಂಡದ್ದು ಅದರ ಮೂಲಕ. 1996ರಲ್ಲಿ ಅದರ ಆಗಿನ ಸ್ಥಿತಿಯ ಪೂರ್ಣ ಪ್ರತಿಯನ್ನು ಟೇಪುಗಳ ಮೇಲೆ ಇಳಿಸಿಟ್ಟರು. ಮುಂದೆ ಆ ನಗರ ಮುಚ್ಚಿತು, ಯಂತ್ರಗಳು ಚದರಿದವು. 2011ರಲ್ಲಿ ಆಮ್‌ಸ್ಟರ್‌ಡಾಮ್ ಮ್ಯೂಸಿಯಂ ಹಾಗೂ ಇತರರು ಅದರ ಅವಶೇಷಗಳನ್ನು ಹುಡುಕಲು ಹೊರಟು, ಅಟ್ಟ ನೆಲಮಾಳಿಗೆಗಳಲ್ಲಿದ್ದುದನ್ನು ತನ್ನಿರೆಂದು ಜನರನ್ನು ಕೋರಬೇಕಾಯಿತು. ದೊಡ್ಡ ನಗರದ, ಕೇವಲ ಹದಿನೈದು ವರ್ಷ ಹಳೆಯದಾದ ನೆನಪಿಗೆ ಪುರಾತತ್ತ್ವದ ಉತ್ಖನನ! ಯಾರೋ ಒಂದು ಪ್ರತಿ ತೆಗೆದಿಟ್ಟಿದ್ದರೆಂಬ ಕಾರಣಕ್ಕೆ ಅದು ಮರುಜೀವ ಪಡೆಯಿತು.

ಈ ಪಾಠ ಕನ್ನಡಿಗರಿಗೆ ಸಾವಿರ ವರ್ಷ ಹಳೆಯದು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ತಾಳೆಗರಿಗೂ ಆಯುಷ್ಯವುಂಟು: ಹುಳು, ತೇವ, ಬೆಂಕಿ ಅದಕ್ಕೆ ಶತ್ರುಗಳು. ಗರಿ ಶಿಥಿಲವಾಗುವ ಮೊದಲೇ ಇನ್ನೊಂದು ಗರಿಗೆ ನಕಲು ಮಾಡುವುದೇ ನಮ್ಮ ಬಸದಿ ಮಠಗಳ ಕ್ರಮವಾಗಿತ್ತು. ಶಾಂತಿಪುರಾಣ ಇಂದು ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಇಲ್ಲ. ಒಬ್ಬನೇ ಕವಿ, ಒಂದೇ ಲಿಪಿ, ಒಂದೇ ಬಗೆಯ ಗರಿ. ಒಂದು ಕೃತಿ ಕೈಯಿಂದ ಕೈಗೆ ದಾಟಿತು, ಇನ್ನೊಂದು ನಡುದಾರಿಯಲ್ಲಿ ನಿಂತಿತು.

ನನ್ನ ಅಭಿಪ್ರಾಯದ ತಿರುಳು ಇಷ್ಟೇ. ನೆನಪನ್ನು ಉಳಿಸುವುದು ಪೆಟ್ಟಿಗೆಯಲ್ಲ, ಕಾಲಕಾಲಕ್ಕೆ ಆಗುವ ನಕಲು. ಪೆಟ್ಟಿಗೆಯನ್ನು ಕೊಂಡಾಗ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಆರಂಭವಾಗುತ್ತದೆ.

ಆದಕಾರಣ ತಮ್ಮಲ್ಲಿ ಕೆಲವು ಅರಿಕೆಗಳು. ಮನೆಯಲ್ಲಿರುವ ರೂಟರ್, ಬ್ಯಾಕಪ್ ಪೆಟ್ಟಿಗೆಗಳ ಮಾದರಿಯ ಹೆಸರನ್ನೂ ಕೊಂಡ ವರ್ಷವನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ತಯಾರಕರ ಬೆಂಬಲ ಎಂದಿನವರೆಗೆ ಎಂಬುದನ್ನು ವಿಚಾರಿಸಿ. ಬೆಂಬಲ ಮುಗಿದ ರೂಟರನ್ನು ಕರುಣೆಯಿಲ್ಲದೆ ಬದಲಾಯಿಸಿ. ಬೆಂಬಲ ಮುಗಿದ ಬ್ಯಾಕಪ್ ಪೆಟ್ಟಿಗೆಯನ್ನು ಮಾತ್ರ ಒಮ್ಮೆಲೇ ಎಸೆಯದಿರಿ: ಅದನ್ನು ಓದಬಲ್ಲ ಹಳೆಯ ಕಂಪ್ಯೂಟರ್ ಇನ್ನೂ ಜೀವಂತವಿರುವಾಗಲೇ ಒಳಗಿನದನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿ, ತೆರೆದು ನೋಡಿ ಖಚಿತಪಡಿಸಿಕೊಂಡು, ಆಮೇಲೆ ಬೀಳ್ಕೊಡಿ. ಮುಖ್ಯವಾದುದಕ್ಕೆ ಮೂರು ಪ್ರತಿಗಳಿರಲಿ. ಒಂದು ಬೇರೆ ಮನೆಯಲ್ಲಿರಲಿ, ಬೆಂಗಳೂರಿನ ಅಣ್ಣನ ಮನೆಯಾದರೂ ಸರಿ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮವಿಡುವಾಗ, ಪ್ರತಿಗಳು ತೆರೆಯುತ್ತವೆಯೇ ಎಂದು ಪರೀಕ್ಷಿಸಿ. ಈ ಕೆಲಸಕ್ಕೆ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ಅವರಿಗೆ ತಂತ್ರ ಗೊತ್ತು. ಚಿತ್ರದಲ್ಲಿರುವವರು ಯಾರೆಂಬುದು ನಮಗೆ ಗೊತ್ತು. ಎರಡೂ ಸೇರಿದಾಗ ಮಾತ್ರ ನಕಲು ಪೂರ್ಣವಾಗುತ್ತದೆ.