ಬೆಳೆಯ ಉಳಿಕೆಗಳು: ಹಾಲುಹಸುವಿನ ಮೇವಾಗಿ ಅವುಗಳ ಪೋಷಣಮೌಲ್ಯದ ಇತಿಹಾಸ

ಕಾಳನ್ನು ಮನೆಗೂ ಸಂತೆಗೂ ಸಾಗಿಸಿದ ತರುವಾಯ ಕಣದಲ್ಲಿ ಉಳಿಯುವ ಹುಲ್ಲು, ದಂಟು, ಹೊಟ್ಟುಗಳೂ, ಗಿರಣಿ ಗಾಣಗಳಿಂದ ಮರಳಿ ಬರುವ ತೌಡು ಹಿಂಡಿಗಳೂ ಕರ್ಣಾಟಕದ ಸಣ್ಣ ಹಿಡುವಳಿದಾರನ ಹಸುಗಳಿಗೆ ಬಹುಕಾಲದಿಂದ ಮುಖ್ಯ ಆಹಾರವಾಗಿವೆ. ದಕ್ಷಿಣದ ಬಯಲುಸೀಮೆಯಲ್ಲಿ ರಾಗಿಹುಲ್ಲಿನ ಮೆದೆ, ಉತ್ತರದ ಎರೆನೆಲದಲ್ಲಿ ಜೋಳದ ಕಣಿಕೆಯ ಬಣವೆ, ಕರಾವಳಿಯಲ್ಲಿ ಬೈಹುಲ್ಲು, ಹೀಗೆ ಪ್ರಾಂತಭೇದವುಂಟು. ಇವುಗಳ ಗುಣತಾರತಮ್ಯವನ್ನು ಒಕ್ಕಲಿಗನು ದನದ ಮೈಯನ್ನೂ ಕೆಚ್ಚಲನ್ನೂ ನೋಡಿಯೇ ಅರಿತಿದ್ದನು.

ಅದನ್ನು ಅಂಕೆಗಳಲ್ಲಿ ನಿರೂಪಿಸುವ ಕ್ರಮವು 1860ರ ದಶಕದಲ್ಲಿ ಜರ್ಮನಿಯ ವೇಂಡೆಯಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ಎಂಬವರಿಂದ ರೂಪುಗೊಂಡಿತು. ಬೆಂಗಳೂರಿನಲ್ಲಿ 1923ರಲ್ಲಿ ನೆಲೆಗೊಂಡ ಪಶುಪಾಲನೆ ಹಾಗೂ ಹೈನುಗಾರಿಕೆಯ ಸಾಮ್ರಾಜ್ಯ ಸಂಸ್ಥೆಯಲ್ಲಿ ಎಫ್. ಜೆ. ವಾರ್ತ್ ಮೊದಲಾದವರು ದೇಶೀಯ ಮೇವುಗಳನ್ನು ದನಗಳಿಗೆ ತಿನ್ನಿಸಿ, ತಿಂದುದನ್ನೂ ವಿಸರ್ಜಿಸಿದುದನ್ನೂ ತೂಗಿ, ಜೀರ್ಣವಾದ ಭಾಗವೆಷ್ಟೆಂಬುದನ್ನು ನಿರ್ಣಯಿಸತೊಡಗಿದರು.

ಭತ್ತದ ಹುಲ್ಲಿನಲ್ಲಿ ಕಚ್ಚಾ ಪ್ರೋಟೀನು ಸುಮಾರು 3ರಿಂದ 4 ಶೇಕಡ ಮಾತ್ರ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ನಾರನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಚೆನ್ನಾಗಿ ಬಾಳಬೇಕಾದರೆ ಸುಮಾರು 7 ಶೇಕಡವಾದರೂ ಅವಶ್ಯ. ಭತ್ತದ ಹುಲ್ಲಿನ ಸಿಲಿಕವು ಜೀರ್ಣಕ್ಕೆ ಅಡ್ಡಿ. ಆಕ್ಸಲೇಟು ಸುಣ್ಣಾಂಶವನ್ನು ಬಂಧಿಸಿ ದೇಹಕ್ಕೆ ದೊರೆಯದಂತೆ ಮಾಡುವುದು. ರಾಗಿಹುಲ್ಲು ಪ್ರೋಟೀನಿನಲ್ಲಿ ಬಡವಾದರೂ ಜೀರ್ಣತೆಯಲ್ಲಿ ಮೇಲಾದುದು. 40 ಶೇಕಡಕ್ಕೂ ಮೀರಿ ಪ್ರೋಟೀನುಳ್ಳ ಕಡಲೆಕಾಯಿ ಹಿಂಡಿಯನ್ನು ಕರೆಯುವ ಹಸುವಿಗೆ ಮೀಸಲಿಡುತ್ತಿದ್ದ ಗೃಹಿಣಿಯ ಲೆಕ್ಕಾಚಾರ, ರಸಾಯನಶಾಸ್ತ್ರವನ್ನು ಕಾಣದೆಯೂ, ತಪ್ಪಿರಲಿಲ್ಲ.

ಹುಲ್ಲನ್ನೇ ಸುಧಾರಿಸುವ ಯತ್ನವೂ ಹೊಸದಲ್ಲ. ಮೊದಲ ಮಹಾಯುದ್ಧದ ಕಾಲದ ಮೇವಿನ ಕ್ಷಾಮದಲ್ಲಿ ಜರ್ಮನಿಯ ಬೆಕ್‌ಮನ್ ಕ್ಷಾರದ್ರಾವಣದಿಂದ ಹುಲ್ಲನ್ನು ಮೃದುಗೊಳಿಸಿದ್ದನು. ಅದರ ಸುಲಭ ರೂಪವಾಗಿ, 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವ ವಿಧಾನವನ್ನು 1980ರ ದಶಕದಲ್ಲಿ ಭಾರತ–ಡಚ್ ಸಹಯೋಗದ ಯೋಜನೆಯೂ ಪರೀಕ್ಷಿಸಿತು. ಫಲವು ನಿಜವೇ, ಆದರೆ ಬೇಸಗೆಯಲ್ಲಿ ಕುಡಿಯುವ ನೀರನ್ನೇ ಹೊತ್ತು ತರುವ ಮನೆಯವರಿಗೆ ಹುಲ್ಲಿಗೂ ನೀರೆರೆಯಿರೆಂದು ಹೇಳಿದ ಉಪದೇಶವು ಹಟ್ಟಿಯ ಬಾಗಿಲನ್ನು ದಾಟಿದ್ದು ವಿರಳ.

ತಳಿಸುಧಾರಕರಾದರೋ ದೀರ್ಘಕಾಲ ಕಾಳಿನ ಇಳುವರಿಯೊಂದನ್ನೇ ಲಕ್ಷಿಸಿದರು. 1964ರಲ್ಲಿ ಬಿಡುಗಡೆಯಾದ ಸಿ.ಎಸ್.ಎಚ್.-1 ಮುಂತಾದ ಗಿಡ್ಡ ಸಂಕರ ಜೋಳಗಳು ಕಣಜವನ್ನು ತುಂಬಿದರೂ ಬಣವೆಯನ್ನು ಕುಗ್ಗಿಸಿದವು. ಕಣಿಕೆಯ ಗುಣವೂ ತಳಿಯಿಂದ ತಳಿಗೆ ಭಿನ್ನವೆಂಬುದನ್ನು ವಿಜ್ಞಾನಿಗಳು ಅನಂತರ ಗಂಭೀರವಾಗಿ ಅಳೆದರು. ಹೈದರಾಬಾದಿನ ಮೇವಿನ ಪೇಟೆಯಲ್ಲಿ ನಡೆದ ಪರಿಶೀಲನೆಯಲ್ಲಿ, 47 ಶೇಕಡ ಜೀರ್ಣವಾಗುವ ಕಣಿಕೆಗಿಂತ 52 ಶೇಕಡ ಜೀರ್ಣವಾಗುವುದಕ್ಕೆ ಸುಮಾರು ಕಾಲುಭಾಗದಷ್ಟು ಹೆಚ್ಚಿನ ಬೆಲೆಯನ್ನು ವ್ಯಾಪಾರಿಗಳು ಮೊದಲೇ ಕಟ್ಟಿದ್ದುದು ಕಂಡುಬಂದಿತು.